ಮುಚ್ಚಿಟ್ಟ ಲ್ಯಾಪ್‌ಟಾಪ್‌ನ ಬ್ಯಾಟರಿ ಇಳಿಯುತ್ತಿತ್ತು, ಹೀಗೆ ಸರಿಹೋಯಿತು

ಹೊಸ ಲ್ಯಾಪ್‌ಟಾಪ್ ತಂದು ಎರಡು ವಾರ ಆಗಿತ್ತು. ಪರದೆ, ಕೀಬೋರ್ಡ್ ಎಲ್ಲಾ ಸೊಗಸಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಶೇ. 90 ಇದ್ದ ಬ್ಯಾಟರಿ ಬೆಳಿಗ್ಗೆ 58ಕ್ಕೆ ಇಳಿದಿರುತ್ತಿತ್ತು. ಬ್ಯಾಗಿನಿಂದ ತೆಗೆದರೆ ತಳ ಬೆಚ್ಚಗಿರುತ್ತಿತ್ತು. ಇಷ್ಟು ದುಡ್ಡು ಕೊಟ್ಟು ತಂದದ್ದು ಅಂತ ತುಂಬಾ ಬೇಜಾರಾಯಿತು.

ಬ್ಯಾಟರಿಯೇ ಕೆಟ್ಟಿದೆ ಅಂದುಕೊಂಡೆ. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ ಅದು ಚೆನ್ನಾಗಿಯೇ ಇತ್ತು. ಹಾಗಾದರೆ ಬೇರೇನೋ ಚಾರ್ಜ್ ತಿನ್ನುತ್ತಿದೆ, ಅಲ್ವಾ?

ಈಗಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ‘ಮಾಡರ್ನ್ ಸ್ಟ್ಯಾಂಡ್‌ಬೈ’ ಇರುತ್ತದೆ. ಮುಚ್ಚಿದರೂ ಅವು ಪೂರ್ತಿ ಮಲಗುವುದಿಲ್ಲ. ಮೊಬೈಲ್ ಥರ ಆಗಾಗ ಎದ್ದು ಮೇಲ್, ಅಪ್‌ಡೇಟ್ ನೋಡಿಕೊಳ್ಳುತ್ತವೆ. ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು, ‘powercfg /sleepstudy’ ಅನ್ನುವ ಆಜ್ಞೆ ಓಡಿಸಿದೆ. ಹಿಂದಿನ ಮೂರು ದಿನದ ನಿದ್ದೆಯ ಲೆಕ್ಕ ಒಂದು ಪುಟದಲ್ಲಿ ಬಂತು. ರಾತ್ರಿಯ ಸಾಲುಗಳೆಲ್ಲ ಕೆಂಪು, ಅಂದರೆ ಚಾರ್ಜ್ ತುಂಬಾ ಖರ್ಚಾಗಿದೆ. ಒಂದನ್ನು ಒತ್ತಿ ನೋಡಿದೆ. ಎಚ್ಚರವಾಗಿದ್ದವುಗಳ ಪಟ್ಟಿಯಲ್ಲಿ ವೈಫೈ ಕಾರ್ಡೇ ಮೊದಲು!

ತಯಾರಕರ ಸೈಟಿನಿಂದ ವೈಫೈ ಡ್ರೈವರ್‌ನ (ಆ ಕಾರ್ಡನ್ನು ನಡೆಸುವ ತಂತ್ರಾಂಶದ) ಹೊಸ ಆವೃತ್ತಿ ಹಾಕಿದೆ. ಮರುದಿನ ಇಳಿದದ್ದು ಶೇ. 9 ಮಾತ್ರ. ಅದೂ ನನಗೆ ಜಾಸ್ತಿಯೇ ಅನಿಸಿತು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಬ್ಯಾಟರಿಯಲ್ಲಿದ್ದಾಗ ಮುಚ್ಚಳ ಮುಚ್ಚಿದರೆ ‘ಹೈಬರ್ನೇಟ್’ ಆಗಲಿ ಅಂತ ಬದಲಿಸಿದೆ. ಆಗ ತೆರೆದಿದ್ದ ಕೆಲಸವೆಲ್ಲ ಡಿಸ್ಕಿಗೆ ಬರೆದುಕೊಂಡು ಯಂತ್ರ ನಿಜಕ್ಕೂ ಆಫ್ ಆಗುತ್ತದೆ. ತೆರೆಯುವಾಗ ಕೆಲವು ಸೆಕೆಂಡ್ ಜಾಸ್ತಿ ಕಾಯಬೇಕು, ಅಷ್ಟೇ.

ನಿನ್ನೆ ರಾತ್ರಿ 91 ಇತ್ತು. ಇವತ್ತು ಬೆಳಿಗ್ಗೆ 90. ತಳ ತಣ್ಣಗಿದೆ.