ಬೇ ಏರಿಯಾಗೆ ಹೊಸದಾಗಿ ಬಂದವರಿಗೆ: ಹೇವರ್ಡ್ ಫಾಲ್ಟ್ ಬಗ್ಗೆ ಒಂದಿಷ್ಟು

ಫ್ರೀಮಾಂಟ್, ಹೇವರ್ಡ್ ಕಡೆ ಮನೆ ಹುಡುಕುವಾಗ ಎಲ್ಲರೂ ಬಾಡಿಗೆ, ಸ್ಕೂಲು, ಬಾರ್ಟ್ ಸ್ಟೇಷನ್ ನೋಡುತ್ತಾರೆ. ಹೇವರ್ಡ್ ಫಾಲ್ಟ್, ಅಂದರೆ ಭೂಕಂಪ ತರುವ ನೆಲದಾಳದ ಬಿರುಕು, ಎಲ್ಲಿ ಹಾದುಹೋಗಿದೆ ಅಂತ ಕೇಳುವವರು ಕಡಿಮೆ. ಅದನ್ನೂ ಒಮ್ಮೆ ಮ್ಯಾಪಿನಲ್ಲಿ ನೋಡಿಬಿಡಿ.

ಹೇವರ್ಡ್ ಊರಿನಲ್ಲಿ ಫಾಲ್ಟ್ ಕಣ್ಣಿಗೇ ಬೀಳುತ್ತದೆ. ಫುಟ್‌ಪಾತಿನ ಅಂಚು ನೇರವಾಗಿ ಬಂದು, ಒಂದು ಕಡೆ ಸೊಟ್ಟಗೆ ಪಕ್ಕಕ್ಕೆ ಸರಿದಿರುತ್ತದೆ. ಬರ್ಕ್ಲಿಯ ಮೆಮೋರಿಯಲ್ ಸ್ಟೇಡಿಯಂ ಅಂತೂ ಫಾಲ್ಟ್ ಮೇಲೇ ಕೂತಿದೆ! ಮೇಲ್ಗಡೆ ನೆಲ ವರ್ಷಕ್ಕೆ ಸುಮಾರು 5 ಮಿಲಿಮೀಟರ್ ಸದ್ದಿಲ್ಲದೆ ಜಾರುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ.

ಜಾರುತ್ತಾನೇ ಇದೆಯಲ್ಲ, ಒತ್ತಡ ಕಮ್ಮಿ ಆಗುತ್ತೆ ಬಿಡಿ ಅಂತ ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಸಾವಿರಾರು ವರ್ಷಗಳ ಲೆಕ್ಕ ಹಿಡಿದರೆ ಈ ಫಾಲ್ಟ್ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಸರಿಯಬೇಕು. ಮಿಕ್ಕಿದ್ದು ಆಳದಲ್ಲಿ ಸಾಲದ ಬಾಕಿ ಥರ ಬೆಳೆಯುತ್ತಿದೆ. ಸುಮಾರು 12 ಕಿಲೋಮೀಟರ್ ಕೆಳಗೆ ಬಂಡೆ ಎಷ್ಟು ಬಿಸಿ ಅಂದರೆ, ಅದು ಮುರಿಯುವುದಿಲ್ಲ, ನಿಧಾನಕ್ಕೆ ಹರಿಯುತ್ತದೆ. ಅಲ್ಲಿ ಸರಿದಾಟ ನಿಲ್ಲುವುದೇ ಇಲ್ಲ. ಅದರ ಮೇಲಿನ ಗಟ್ಟಿ ಬಂಡೆ ಮಾತ್ರ ಕೆಲವು ಕಡೆ ಒಂದಕ್ಕೊಂದು ಕಚ್ಚಿಕೊಂಡು ನಿಂತಿದೆ. ಕೆಳಗಿನದು ಎಳೆಯುತ್ತದೆ, ಇದು ಬಿಡುವುದಿಲ್ಲ. ಬಾಗಿ ಬಾಗಿ ಕೊನೆಗೊಮ್ಮೆ ಕಿತ್ತುಕೊಳ್ಳುತ್ತದೆ. 1868ರ ಅಕ್ಟೋಬರ್ 21ರಂದು ಆಗಿದ್ದು ಅದೇ, ಸುಮಾರು 6.8ರ ಕಂಪನ.

ಕಚ್ಚಿಕೊಂಡ ಜಾಗ ದೊಡ್ಡದಾದಷ್ಟೂ ಭೂಕಂಪ ದೊಡ್ಡದು. ಪಕ್ಕದ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ನೋಡಿ. ಪಾರ್ಕ್‌ಫೀಲ್ಡ್ ಹತ್ತಿರ ಅದರೊಳಕ್ಕೆ ಸುಮಾರು 3 ಕಿಲೋಮೀಟರ್ ಆಳ ಕೊರೆದಾಗ ಸಪೋನೈಟ್ ಅನ್ನೋ ನುಣುಪು ಜೇಡಿ ಸಿಕ್ಕಿತು. ಇದಿದ್ದರೆ ಬಂಡೆ ಕಚ್ಚಿಕೊಳ್ಳದೆ ಸುಲಭವಾಗಿ ಜಾರುತ್ತದೆ. ಅಲ್ಲಿಂದ ಉತ್ತರಕ್ಕೆ ಸ್ಯಾನ್ ವಾನ್ ಬಟಿಸ್ಟಾವರೆಗೆ ಫಾಲ್ಟ್ ಜಾರುತ್ತಲೇ ಇರುತ್ತದೆ. ಆಚೆಈಚೆ ಅಂಥ ಪುಣ್ಯ ಇಲ್ಲ. 1857ರಲ್ಲಿ ದಕ್ಷಿಣದ ಭಾಗ, 1906ರಲ್ಲಿ ಉತ್ತರದ ಭಾಗ, ಎರಡೂ ಸುಮಾರು 7.9ರಷ್ಟು ಅದುರಿದವು.

ಮುಂದಿನ ಭೂಕಂಪ ಯಾವಾಗ ಅಂತ ದಿನ ಹೇಳೋರು ಸಿಕ್ಕರೆ ಸುಮ್ನೆ ನಕ್ಕುಬಿಡಿ. ಆದರೆ ಕಪಾಟು, ಟಿವಿ ಗೋಡೆಗೆ ಬಿಗಿಸಿ. ಹಾಸಿಗೆ ಪಕ್ಕ ಚಪ್ಪಲಿ, ಟಾರ್ಚ್ ಇರಲಿ, ಗಾಜು ಒಡೆದಿರುತ್ತೆ ಅಲ್ವಾ. ಫೋನಿಗೆ ಭೂಕಂಪ ಶುರುವಾದೊಡನೆ ಎಚ್ಚರಿಸುವ ಮೈಶೇಕ್ ಆ್ಯಪ್ ಹಾಕಿಕೊಳ್ಳಿ. ಅದುರಿದಾಗ ಹೊರಗೆ ಓಡಬೇಡಿ. ಮೇಜಿನ ಕೆಳಗೆ ಹೋಗಿ ಅದರ ಕಾಲು ಹಿಡಿದುಕೊಳ್ಳಿ. ಸ್ವಂತ ಮನೆ ತೆಗೆದುಕೊಂಡರೆ ಇನ್ನೊಂದು ವಿಷಯ: ಮಾಮೂಲಿ ಮನೆ ಇನ್ಶೂರೆನ್ಸಿನಲ್ಲಿ ಭೂಕಂಪ ಬರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿಯೇ ಬೇಕು.