ಕಾಲು ಉಳುಕಿದ್ರೆ: ನೋವು ಹೋದ್ಮೇಲೆ ಶುರುವಾಗೋ ಕೆಲಸ

ಆಟದಲ್ಲಿ ಕಾಲು ಉಳುಕಿಸಿಕೊಂಡು, ಎರಡು ವಾರ ರೆಸ್ಟ್ ಮಾಡಿ, ನೋವು ಹೋಯ್ತಲ್ಲ ಅಂತ ಮತ್ತೆ ಇಳಿದು, ಅದೇ ಕಾಲನ್ನ ಅದೇ ಥರ ಮಡಚಿಕೊಂಡು ಕೂತವರನ್ನ ಎಷ್ಟು ಜನರನ್ನ ನೋಡಿದೀನೋ ಲೆಕ್ಕ ಇಲ್ಲ. ನನ್ನ ಜೊತೆ ಶಟಲ್ ಆಡ್ತಿದ್ದ ಒಬ್ಬನಿಗೆ ಒಂದೇ ವರ್ಷದಲ್ಲಿ ಮೂರು ಸಲ ಹಿಂಗಾಯ್ತು. ಮೂರನೇ ಸಲ ಜಾರಿದ್ದೂ ಅಲ್ಲ, ಯಾರ ಪಾದದ ಮೇಲೆ ಇಳಿದಿದ್ದೂ ಅಲ್ಲ, ಸುಮ್ನೆ ಹಿಂದಕ್ಕೆ ತಿರುಗಿದ ಅಷ್ಟೇ. ಮಾತ್ರೆ, ರೆಸ್ಟು ಯಾವುದಕ್ಕೂ ಕಮ್ಮಿ ಮಾಡಿರಲಿಲ್ಲ ಅವನು, ನಡುವಿನ ಒಂದು ಹಂತವನ್ನೇ ಬಿಟ್ಟುಬಿಟ್ಟಿದ್ದ. ಅದು ಕೆಳಗೆ ಮೂರನೇದು, ಅದನ್ನ ಮಾತ್ರ ದಯವಿಟ್ಟು ಪೂರ್ತಿ ಓದಿ.

1. ಮೊದಲು ಮೂಳೆ

ಆಂಕಲ್‌ನ ಎರಡೂ ಪಕ್ಕ ಎದ್ದು ಕಾಣೋ ಮೂಳೆ ಗಂಟು ಇದೆಯಲ್ಲ, ಅದರ ತುದಿ ಮತ್ತೆ ಹಿಂಭಾಗದ ಅಂಚನ್ನ ಮೇಲಕ್ಕೆ ಒಂದು 6 ಸೆಂಟಿಮೀಟರ್‌ವರೆಗೂ ಬೆರಳಲ್ಲಿ ಒತ್ತಿ ನೋಡಿ. ಹಾಗೇ ಕಿರುಬೆರಳ ಕಡೆ ಪಾದದ ಅಂಚಿನ ಮಧ್ಯದಲ್ಲಿ ಸಿಗೋ ಉಬ್ಬು, ಒಳಗಡೆ ಪಾದದ ಕಮಾನಿನ ಮೇಲಿರೋ ಮೂಳೆ. ಮೂಳೆ ಮೇಲೇ ಒತ್ತಿದಾಗ ನೋವಾದ್ರೆ, ಇಲ್ಲಾ ನಾಲ್ಕು ಹೆಜ್ಜೆ ಇಡೋಕೂ ಆಗದಿದ್ರೆ, ಎಕ್ಸ್‌ರೇಗೆ ಹೋಗಿ. ಕೆನಡಾದ ಒಟ್ಟಾವಾದಲ್ಲಿ ಡಾಕ್ಟರುಗಳು 1992ರಲ್ಲಿ ಪ್ರಕಟಿಸಿದ ನಿಯಮ ಇದು, ಇವತ್ತಿಗೂ ತುರ್ತು ಚಿಕಿತ್ಸೆ ವಿಭಾಗಗಳಲ್ಲಿ ಬಳಸ್ತಾರೆ. ಮಕ್ಕಳಾದ್ರೆ, ಅಥವಾ ಪಾದದಲ್ಲಿ ಮೊದಲೇ ಸ್ಪರ್ಶ ಕಮ್ಮಿ ಇದ್ರೆ ಈ ಒತ್ತಿ ನೋಡೋದನ್ನ ನಂಬ್ಕೊಂಡು ಕೂರಬೇಡಿ, ಸೀದಾ ಡಾಕ್ಟರ ಹತ್ರ ಹೋಗಿ.

2. ಮೊದಲ ಎರಡು ಮೂರು ದಿನ

ಬಟ್ಟೆ ಸುತ್ತಿದ ಐಸ್ 15-20 ನಿಮಿಷ, ಕ್ರೇಪ್ ಬ್ಯಾಂಡೇಜು, ಮಲಗಿದಾಗ ಕಾಲು ಎದೆಗಿಂತ ಮೇಲೆ. ಐಸ್ ನೋವು ಕಮ್ಮಿ ಮಾಡೋಕೆ ಮಾತ್ರ, ಗಾಯ ಬೇಗ ಮಾಗುತ್ತೆ ಅಂತ ದಿನವಿಡೀ ಇಟ್ಕೋಬೇಡಿ. ರೆಸ್ಟ್, ಐಸ್, ಬ್ಯಾಂಡೇಜ್, ಕಾಲು ಎತ್ತಿಡೋದು ಅನ್ನೋ ಸೂತ್ರವನ್ನ 1978ರಲ್ಲಿ ಹೇಳಿಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಐಸ್ ಮಾಗೋದನ್ನ ನಿಧಾನ ಮಾಡಬಹುದು ಅಂತ ಆಮೇಲೆ ತಮ್ಮ ಮಾತು ತಿದ್ದಿಕೊಂಡಿದ್ದಾರೆ. ಬ್ಯಾಂಡೇಜನ್ನ ಬೆರಳ ಬುಡದಿಂದ ಮೇಲಕ್ಕೆ ಸುತ್ತಿ, ಬೆರಳು ತಣ್ಣಗಾದ್ರೆ, ಜೋಮು ಹಿಡಿದ್ರೆ ತಕ್ಷಣ ಬಿಚ್ಚಿ ಸಡಿಲ ಮಾಡಿ.

ಈ ದಿನಗಳಲ್ಲಿ ಬಿಸಿ ಶಾಖ, ಮದ್ಯ, ತಿಕ್ಕೋದು ಮೂರೂ ಬೇಡ. ಯಾರಾದ್ರೂ ಕಾಲು ಹಿಡ್ಕೊಂಡು ಎಳೆದು ಸರಿ ಮಾಡ್ತೀನಿ ಅಂದ್ರೆ ಕೊಡಲೇಬೇಡಿ, ಮೂಳೆಗೆ ಮೂಳೆ ಕಟ್ಟಿ ಹಿಡಿಯೋ ಲಿಗಮೆಂಟ್ ಹರಿದಿರುತ್ತೆ, ಎಳೆದ್ರೆ ಇನ್ನಷ್ಟು ಹರಿಯುತ್ತೆ. ಇನ್ನು ಆ ತಣ್ಣನೆ ಸ್ಪ್ರೇ ಹೊಡ್ಕೊಂಡು ಮ್ಯಾಚ್ ಮುಗಿಸೋದು, ಅದು ನನಗೆ ಕಂಡ ಅತಿ ಕೆಟ್ಟ ಅಡ್ಡದಾರಿ. ಚರ್ಮ ಮರಗಟ್ಟುತ್ತೆ, ಒಳಗಿನ ಗಾಯ ಅಲ್ಲೇ ಇರುತ್ತೆ, ನೀವು ಅದರ ಮೇಲೇ ಓಡ್ತಿರ್ತೀರ.

ಹಾಗಂತ ಪೂರ್ತಿ ಹಾಸಿಗೆ ಹಿಡಿಯೋದೂ ಬೇಡ. ಹೆಬ್ಬೆರಳನ್ನ ಪೆನ್ಸಿಲ್ ಅಂದ್ಕೊಂಡು ಗಾಳಿಯಲ್ಲಿ ಅ ಇಂದ ಳ ವರೆಗೆ ಬರೀರಿ, ದಿನಕ್ಕೆ ಮೂರು ಸಲ, ನೋವು ಜಾಸ್ತಿ ಆಗೋ ಕಡೆ ಅಕ್ಷರ ಚಿಕ್ಕದು ಮಾಡಿ. ನಮ್ಮ ಅಕ್ಷರ ಎಲ್ಲಾ ದುಂಡಗಿರೋದ್ರಿಂದ ಕೀಲು ಎಲ್ಲಾ ದಿಕ್ಕಿಗೂ ಚೆನ್ನಾಗಿ ತಿರುಗುತ್ತೆ.

3. ಎಲ್ಲರೂ ಬಿಡೋ ಹಂತ

ಲಿಗಮೆಂಟ್ ಬರೀ ಹಗ್ಗ ಅಲ್ಲ, ಪಾದ ಈಗ ಯಾವ ಕೋನದಲ್ಲಿದೆ ಅಂತ ಮೆದುಳಿಗೆ ಹೇಳೋ ನರದ ತುದಿಗಳು ಅದರೊಳಗಿವೆ. ಉಳುಕಿದಾಗ ಅವೂ ಹಾಳಾಗುತ್ತೆ. ಪಾದ ಒಳಕ್ಕೆ ಮಗುಚೋ ಹೊತ್ತಿಗೆ ಕಾಲಿನ ಹೊರಪಕ್ಕದ ಸ್ನಾಯು ಎಳೆದು ಹಿಡೀಬೇಕು, ಸುದ್ದಿ ತಡವಾಗಿ ಬಂದ್ರೆ ಸ್ನಾಯುವೂ ತಡವಾಗುತ್ತೆ, ಅಷ್ಟರಲ್ಲಿ ಕಾಲು ಮತ್ತೆ ಮಡಚಿರುತ್ತೆ. ನನ್ನ ಸ್ನೇಹಿತನಿಗೆ ಆಗಿದ್ದು ಇದೇ. ನೋವಿಲ್ಲದೇ ಇರೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಕುಂಟದೆ ನಡೆಯೋಕೆ ಬಂದ ದಿನ ಹೀಗೆ ಮಾಡಿ. ಬರಿಗಾಲಲ್ಲಿ, ಗೋಡೆ ಕೈಗೆ ಸಿಗೋ ಕಡೆ, ಮೊದಲು ಚೆನ್ನಾಗಿರೋ ಕಾಲಲ್ಲಿ 30 ಸೆಕೆಂಡ್ ನಿಂತ್ಕೊಳ್ಳಿ, ಆಮೇಲೆ ಉಳುಕಿದ ಕಾಲಲ್ಲಿ, ಕಣ್ಣು ಪಾದದ ಮೇಲಿರಲಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತೆ: ಬೆರಳುಗಳು ನೆಲವನ್ನ ಕಚ್ಚಿ ಹಿಡೀತವೆ, ಪಾದದ ಮುಂದೆ ಸ್ನಾಯುವನ್ನ ಮೂಳೆಗೆ ಕಟ್ಟೋ ಟೆಂಡನ್‌ಗಳು ತಂತಿ ಥರ ಎದ್ದು ಕುಣೀತವೆ, ಭಾರ ಹೊರ ಅಂಚಿಗೆ ಜಾರಿ ಜಾರಿ ವಾಪಸ್ ಬರುತ್ತೆ. ಬೆರಳು ಸಡಿಲ ಬಿಟ್ಟು, ಹಿಮ್ಮಡಿ, ಹೆಬ್ಬೆರಳ ಬುಡ, ಕಿರುಬೆರಳ ಬುಡ ಮೂರೂ ನೆಲಕ್ಕೆ ಒತ್ತಿ ನಿಲ್ಲೋಕೆ ನೋಡಿ. ದಿನಾ ಐದು ಸಲ. ಹಲ್ಲು ಉಜ್ಜೋ ಹೊತ್ತಲ್ಲೇ ಮಾಡಿದ್ರೆ ತಪ್ಪಿಹೋಗಲ್ಲ.

30 ಸೆಕೆಂಡ್ ಆರಾಮಾಗಿ ಆದ್ಮೇಲೆ ತಲೆ ಆ ಕಡೆ ಈ ಕಡೆ ತಿರುಗಿಸ್ತಾ ನಿಲ್ಲಿ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಚೆಂಡು ಗೋಡೆಗೆ ಎಸೆದು ಹಿಡೀತಾ, ಕೊನೆಗೆ ದಿಂಬಿನ ಮೇಲೆ. ಇದೇ ಕ್ರಮ ಇರಲಿ. ಮೊದಲ ದಿನವೇ ಬ್ಯಾಲೆನ್ಸ್ ಬೋರ್ಡ್ ಅನ್ನೋ ಅಲ್ಲಾಡೋ ಹಲಗೆ ಹತ್ತಿ ಬಿದ್ದವರಿದ್ದಾರೆ, ಆ ಬೋರ್ಡು ಕೊಳ್ಳೋದೇ ಬೇಡ ಅಂತೀನಿ ನಾನು.

ಜೊತೆಗೆ ಒಂಟಿ ಕಾಲಲ್ಲಿ ತುದಿಗಾಲಿಗೆ ಏಳೋದು, ಇಳಿಯೋವಾಗ ಮೂರು ಎಣಿಸಿ ನಿಧಾನಕ್ಕೆ ಇಳಿಯಬೇಕು, ಮೀನಖಂಡ ಉರಿಯುತ್ತೆ, ಉರಿಯಲಿ. ಎರಡೂ ಕಾಲಲ್ಲಿ ಒಂದೇ ಲೆಕ್ಕ, 20-25 ಸಲ ಬರೋವರೆಗೂ ಬಿಡಬೇಡಿ. ಇನ್ನೊಂದು, ಗೋಡೆಗೆ ಮುಖ ಮಾಡಿ ನಿಂತು ಹಿಮ್ಮಡಿ ಏಳದ ಹಾಗೆ ಮಂಡಿಯನ್ನ ಗೋಡೆಗೆ ಮುಟ್ಟಿಸಿ, ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಅಂತ ಅಳೀರಿ, ಎರಡೂ ಕಾಲಿನ ಅಳತೆ ಹತ್ರ ಹತ್ರ ಬರೋವರೆಗೂ ದಿನಾ ಮಾಡಿ.

4. ವಾಪಸ್ ಆಟಕ್ಕೆ

ನೇರ ಜಾಗಿಂಗ್, ಆಮೇಲೆ ಎಂಟರ ಆಕಾರದಲ್ಲಿ ಓಟ, ಆಮೇಲೆ ಒಂಟಿ ಕಾಲಲ್ಲಿ ಮುಂದಕ್ಕೂ ಪಕ್ಕಕ್ಕೂ ಜಿಗಿತ, ಕೊನೆಗೆ ಥಟ್ ಅಂತ ದಿಕ್ಕು ಬದಲಿಸೋದು. ಮಾರನೇ ದಿನ ಬೆಳಗ್ಗೆ ಊತ ಬಂದಿದ್ರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ.

5. ಮತ್ತೆ ಆಗದ ಹಾಗೆ

ಮೊದಲ ಆರು ತಿಂಗಳು ಆಡೋವಾಗ ಲೇಸ್ ಕಟ್ಟೋ ಥರದ ಆಂಕಲ್ ಬ್ರೇಸ್ ಹಾಕಿ. ಸಾಕ್ಸ್ ಥರ ಏರಿಸೋ ತೆಳು ಎಲಾಸ್ಟಿಕ್‌ದು ಬೆಚ್ಚಗಿರುತ್ತೆ ಹೊರತು ಮಗುಚೋ ಕಾಲನ್ನ ಹಿಡಿಯಲ್ಲ, ಟೇಪು ಆಟ ಸಾಗಿದ ಹಾಗೆ ಸಡಿಲ ಆಗುತ್ತೆ. ವಾರ್ಮ್ ಅಪ್ ಅಂದ್ರೆ ನಿಂತಲ್ಲೇ ಎರಡು ಸಲ ಕಾಲು ಎಳೆಯೋದು ಅಂದ್ಕೊಂಡಿದ್ರೆ ಅದನ್ನ ಬದಲಿಸಿ. ಫಿಫಾದವರ 11 ಪ್ಲಸ್ ಅನ್ನೋ ಸುಮಾರು 20 ನಿಮಿಷದ ವಾರ್ಮ್ ಅಪ್‌ನಲ್ಲಿ ಓಟ, ಒಂಟಿ ಕಾಲಿನ ಬ್ಯಾಲೆನ್ಸು, ಜಿಗಿತ ಎಲ್ಲಾ ಇದೆ, ವಾರಕ್ಕೆ ಎರಡು ಸಲವಾದ್ರೂ ತಪ್ಪದೆ ಮಾಡಿದ ಫುಟ್‌ಬಾಲ್ ತಂಡಗಳಲ್ಲಿ ಗಾಯ ಕಮ್ಮಿ ಆಗಿದೆ, ಬೇರೆ ಆಟದವರೂ ಧಾರಾಳವಾಗಿ ಮಾಡಬಹುದು.

ಇಷ್ಟೆಲ್ಲಾ ಮಾಡಿಯೂ ಆರು ವಾರ ಆದ್ಮೇಲೆ ಮೆಟ್ಟಿಲು ಇಳಿಯೋವಾಗ ಕಾಲು ಕೈಕೊಡ್ತಿದ್ರೆ, ಅಥವಾ ಕೀಲಿನ ಒಳಗೆ ಏನೋ ಸಿಕ್ಕಿಹಾಕಿಕೊಂಡ ಹಾಗೆ ಆಗ್ತಿದ್ರೆ, ಮೂಳೆ ಡಾಕ್ಟರಿಗೋ ಫಿಸಿಯೋಗೋ ತೋರಿಸಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದ ಪೆಟ್ಟು ಕೆಲವು ಸಲ ಆಮೇಲೆ ಎಂಆರ್‌ಐ ಸ್ಕ್ಯಾನ್‌ನಲ್ಲಿ ಸಿಗುತ್ತೆ.