ಕಂಪ್ಯೂಟರಿನಲ್ಲಿ ಕಟ್ಟಿದ ಮನೆ ಸರಿಯಾಗಿ ಕೂರುತ್ತಿಲ್ಲವೇ?

30×40 ಸೈಟಿನ ಪ್ಲಾನು ಕೈಗೆ ಬಂದ ಮೇಲೆ ಸುಮ್ನೆ ಕೂರಲು ಯಾರಿಗಾದರೂ ಆಗುತ್ತಾ? ಹಾಲ್‌ನಲ್ಲಿ ಸೋಫಾ ಹಾಕಿದರೆ ಓಡಾಡಲು ಜಾಗ ಉಳಿಯುತ್ತದೆಯೇ, ಅಡುಗೆಮನೆಯಲ್ಲಿ ಫ್ರಿಜ್ ಬಾಗಿಲು ಪೂರ್ತಿ ತೆಗೆಯಲು ಬರುತ್ತದೆಯೇ ಎಂದು ಮೊದಲೇ ನೋಡುವ ಆಸೆ. ಅದಕ್ಕೆ ‘ಸ್ವೀಟ್ ಹೋಮ್ 3ಡಿ’ ಒಳ್ಳೆಯ ಸಾಫ್ಟ್‌ವೇರ್. ದುಡ್ಡು ಕೊಡಬೇಕಿಲ್ಲ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಆದರೆ ಕೂತು ಒಂದು ಗಂಟೆಯಾಗುವಷ್ಟರಲ್ಲಿ ಏನೋ ಎಡವಟ್ಟು: ರೂಮು ಚಿಕ್ಕದಾಯಿತು, ಬಾಗಿಲು ಗೋಡೆಯೊಳಗೆ ಹೂತುಹೋಯಿತು, ಪರದೆ ಕಪ್ಪಾಯಿತು. ಬಹಳ ಜನ ಆಗ ಕಂಪ್ಯೂಟರನ್ನು ಬೈಯುತ್ತಾರೆ. ನನ್ನ ಪ್ರಕಾರ ಮೊದಲು ಅನುಮಾನ ಪಡಬೇಕಾದ್ದು ಅಳತೆಯನ್ನು.

ಅಳತೆ ತಪ್ಪುವುದು ಎಲ್ಲಿ?

ನಮ್ಮ ಕಡೆ ಕೈಯಲ್ಲಿ ಬರೆದ ಪ್ಲಾನ್‌ಗಳಲ್ಲಿ ಹತ್ತೂವರೆ ಅಡಿಯನ್ನು 10.6 ಎಂದು ಬರೆಯುವ ರೂಢಿ ಇದೆ. ಬರೆದವರ ಲೆಕ್ಕದಲ್ಲಿ ಅದು 10 ಅಡಿ 6 ಇಂಚು. ಕಂಪ್ಯೂಟರಿಗೂ ಕ್ಯಾಲ್ಕುಲೇಟರಿಗೂ ಆ ಚುಕ್ಕಿ ದಶಮಾಂಶ. ಅವುಗಳ ಲೆಕ್ಕದಲ್ಲಿ 10.6 ಅಡಿ ಎಂದರೆ 10 ಅಡಿ 7.2 ಇಂಚು. ಒಂದು ಇಂಚು ಹೆಚ್ಚಾದರೆ ಏನು ಮಹಾ ಅನ್ನಬಹುದು. ಆದರೆ ಪ್ಲಾನ್‌ನಲ್ಲಿ 10.10 ಎಂದಿದ್ದರೆ? ಅದು 10 ಅಡಿ 10 ಇಂಚು, ಅಂದರೆ 330 ಸೆಂಟಿಮೀಟರ್. ಕ್ಯಾಲ್ಕುಲೇಟರಿನಲ್ಲಿ 10.10 ಅನ್ನು 30.48ರಿಂದ ಗುಣಿಸಿದರೆ ಬರುವುದು 308. ಹತ್ತಿರ ಹತ್ತಿರ 9 ಇಂಚು ಮಾಯ!

ಆದ್ದರಿಂದ ಮೊದಲ ಕೆಲಸ ಇದು. ‘ಫೈಲ್’ ಮೆನುವಿನಲ್ಲಿ ‘ಪ್ರಿಫರೆನ್ಸಸ್’ ತೆಗೆದು, ಅಳತೆಯ ಯೂನಿಟ್ ಸೆಂಟಿಮೀಟರ್‌ನಲ್ಲಿದೆಯೋ ಅಡಿ-ಇಂಚಿನಲ್ಲಿದೆಯೋ ನೋಡಿ. ಅಡಿ-ಇಂಚು ಆರಿಸಿಕೊಂಡರೆ 10'6" ಎಂದು ಚಿಹ್ನೆ ಹಾಕಿಯೇ ಬರೆಯಿರಿ. ಸೆಂಟಿಮೀಟರ್ ಆದರೆ ಮೊದಲು ಎಲ್ಲವನ್ನೂ ಇಂಚಿಗೆ ತಂದು 2.54ರಿಂದ ಗುಣಿಸಿ.

ಎರಡನೆಯ ತೊಂದರೆ ಇದಕ್ಕಿಂತ ಕಳ್ಳ. ಅಳತೆ ಸರಿಯಾಗಿಯೇ ಹಾಕಿರುತ್ತೀರಿ, ಆದರೂ 10 ಅಡಿಯ ರೂಮು ಒಳಗೆ 9 ಅಡಿ 3 ಇಂಚು ತೋರಿಸುತ್ತದೆ. ಕಾರಣ, ಈ ಸಾಫ್ಟ್‌ವೇರ್ ಗೋಡೆಯ ಉದ್ದವನ್ನು ಹಿಡಿಯುವುದು ಗೋಡೆಯ ನಟ್ಟನಡುವಿನ ಗೆರೆಯಿಂದ. ಪಾಯಕ್ಕೆ ಗುರುತು ಹಾಕುವಾಗ ಮೇಸ್ತ್ರಿ ಹಿಡಿಯುವ ಸೆಂಟರ್ ಲೈನ್ ಇದೆಯಲ್ಲ, ಅದೇ ಇದು. ಎರಡೂ ಕಡೆ 9 ಇಂಚಿನ ಗೋಡೆಯಿದ್ದರೆ ಆ ಕಡೆ ನಾಲ್ಕೂವರೆ, ಈ ಕಡೆ ನಾಲ್ಕೂವರೆ ಇಂಚು ಗೋಡೆಯ ಪಾಲಿಗೆ ಹೋಗುತ್ತದೆ. ಒಳಗೆ ಪೂರ್ತಿ 10 ಅಡಿ ಬೇಕೆಂದರೆ 10'9" ಕೊಡಬೇಕು. ಒಂದು ಕಡೆ 9 ಇಂಚಿನದು, ಇನ್ನೊಂದು ಕಡೆ ನಾಲ್ಕೂವರೆ ಇಂಚಿನ ಗೋಡೆ ಇದ್ದರೆ 10 ಅಡಿ ಆರೂಮುಕ್ಕಾಲು ಇಂಚು. ಗೋಡೆ ಎಳೆಯುವಾಗ ಎಂಟರ್ ಒತ್ತಿದರೆ ಉದ್ದ ಟೈಪ್ ಮಾಡಲು ಜಾಗ ಬರುತ್ತದೆ. ಮೌಸ್‌ನಲ್ಲಿ ಅಂದಾಜಿಗೆ ಎಳೆಯಲು ಹೋಗಬೇಡಿ.

ಇನ್ನು ದಪ್ಪ ಮತ್ತು ಎತ್ತರ. ಮೊದಲ ಸಲ ತೆರೆದಾಗ ಸಾಮಾನ್ಯವಾಗಿ ಗೋಡೆಯ ದಪ್ಪ 7.5 ಸೆಂ.ಮೀ., ಎತ್ತರ 250 ಸೆಂ.ಮೀ. ಇರುತ್ತದೆ. ಮೂರೇ ಇಂಚಿನ ಗೋಡೆ, ಎಂಟು ಅಡಿ ಚಿಲ್ಲರೆ ಎತ್ತರ! ನಮ್ಮಲ್ಲಿ ಹೀಗೆ ಯಾರು ಕಟ್ಟುತ್ತಾರೆ? ಪ್ರಿಫರೆನ್ಸಸ್‌ನಲ್ಲೇ ಇದನ್ನು 9 ಇಂಚಿಗೂ 10 ಅಡಿಗೂ ಬದಲಿಸಿ. ಆದರೆ ಅದು ಮುಂದೆ ಹಾಕುವ ಗೋಡೆಗಳಿಗೆ ಮಾತ್ರ. ಆಗಲೇ ಎಳೆದವನ್ನು ಸೆಲೆಕ್ಟ್ ಮಾಡಿ, ಡಬಲ್ ಕ್ಲಿಕ್ ಮಾಡಿ ಬೇರೆಯಾಗಿ ತಿದ್ದಬೇಕು.

ವಾಟ್ಸಾಪ್‌ನಲ್ಲಿ ಬಂದ ಪ್ಲಾನು

ಪ್ಲಾನ್‌ನ ಚಿತ್ರವನ್ನು ಅಡಿಯಲ್ಲಿಟ್ಟು ಅದರ ಮೇಲೆ ಗೋಡೆ ಎಳೆಯುವುದು ಸುಲಭದ ದಾರಿ. ಪಿಡಿಎಫ್ ಇದ್ದರೆ ಅದನ್ನು ಹಾಗೆಯೇ ತೆಗೆದುಕೊಳ್ಳುವುದಿಲ್ಲ. ಜೆಪಿಜಿ ಅಥವಾ ಪಿಎನ್‌ಜಿ ಮಾಡಿಕೊಳ್ಳಿ. ಚಿತ್ರ ಹಾಕಿದಾಗ ಅದರ ಮೇಲೆ ಒಂದು ಬಣ್ಣದ ಗೆರೆ ಬರುತ್ತದೆ. ಅದರ ಎರಡು ತುದಿಗಳನ್ನು ನಿಮಗೆ ಗೊತ್ತಿರುವ ಅಳತೆಯ ಎರಡು ಕೊನೆಗೆ ತಂದು, ಆ ಉದ್ದ ಬರೆಯಬೇಕು. ಇಲ್ಲಿ ಎರಡೂವರೆ ಅಡಿಯ ಬಾತ್‌ರೂಮ್ ಬಾಗಿಲನ್ನು ಆರಿಸಬೇಡಿ, ಸೈಟಿನ 40 ಅಡಿಯ ಬದಿಯನ್ನೇ ಹಿಡಿಯಿರಿ. ಚಿಕ್ಕ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಮನೆಯ ಆ ತುದಿಗೆ ಹೋಗುವಷ್ಟರಲ್ಲಿ ಅದು ಇಂಚುಗಟ್ಟಲೆ ಆಗಿರುತ್ತದೆ. ಮೇಜಿನ ಮೇಲಿಟ್ಟು ಓರೆಯಾಗಿ ತೆಗೆದ ಫೋಟೊ ಆಗಿದ್ದರಂತೂ ಯಾವ ಸ್ಕೇಲೂ ಕೂಡುವುದಿಲ್ಲ. ಸ್ಕ್ಯಾನ್ ಮಾಡಿಸಿದ್ದು ಕೇಳಿ.

ರೂಮು ಆಗುತ್ತಿಲ್ಲ, ಬಾಗಿಲು ತೆರೆಯುತ್ತಿಲ್ಲ

ರೂಮ್ ಟೂಲ್ ಹಿಡಿದು ಗೋಡೆಗಳ ನಡುವೆ ಡಬಲ್ ಕ್ಲಿಕ್ ಮಾಡಿದರೆ ನೆಲ ಬರಬೇಕು. ಬರಲಿಲ್ಲವೆಂದರೆ ಯಾವುದೋ ಮೂಲೆಯಲ್ಲಿ ಗೋಡೆ ಸೇರಿಲ್ಲ ಅಂತಲೇ ಅರ್ಥ. ಒಂದೊಂದೇ ಮೂಲೆಗೆ ಜೂಮ್ ಮಾಡಿ ನೋಡಿ, ಬಿಟ್ಟುಹೋದ ತುದಿಯನ್ನು ಎಳೆದು ಪಕ್ಕದ ಗೋಡೆಗೆ ಕೂಡಿಸಿ. ಪ್ರಿಫರೆನ್ಸಸ್‌ನಲ್ಲಿ ‘ಮ್ಯಾಗ್ನೆಟಿಸಂ’ ಆನ್ ಇದ್ದರೆ ತುದಿಗಳು ತಾವಾಗಿಯೇ ಅಂಟಿಕೊಳ್ಳುತ್ತವೆ.

ಅಲ್ಲಿ ತೋರಿಸುವ ಚದರಡಿ ಗೋಡೆ ಬಿಟ್ಟು ಒಳಗಿನದು. ಕಂಟ್ರ್ಯಾಕ್ಟರ್ ಒಂದು ಚದರಕ್ಕೆ, ಅಂದರೆ 100 ಚದರಡಿಗೆ ಇಷ್ಟು ಎಂದು ಹೇಳುವ ಲೆಕ್ಕದಲ್ಲಿ ಸಾಮಾನ್ಯವಾಗಿ ಗೋಡೆಯೂ ಸೇರಿರುತ್ತದೆ. ಎರಡೂ ತಾಳೆಯಾಗುತ್ತಿಲ್ಲ ಎಂದು ಅವರ ಜೊತೆ ಜಗಳಕ್ಕೆ ಹೋಗಬೇಡಿ.

ಬಾಗಿಲಿಟ್ಟರೂ ಗೋಡೆಯಲ್ಲಿ ತೂತು ಬೀಳದಿದ್ದರೆ, ಅದು ಬಹುಶಃ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಮಾಡೆಲ್. ಇಂಪೋರ್ಟ್ ಮಾಡುವಾಗ ‘ಡೋರ್ ಆರ್ ವಿಂಡೋ’ ಎಂಬಲ್ಲಿ ಟಿಕ್ ಹಾಕಿರಬೇಕು. ಇಲ್ಲವಾದರೆ ಸಾಫ್ಟ್‌ವೇರ್ ಅದನ್ನು ಬೀರುವಿನ ಹಾಗೆ ಒಂದು ಸಾಮಾನು ಎಂದೇ ತಿಳಿಯುತ್ತದೆ.

ಪರದೆ ಕಪ್ಪು, ಲ್ಯಾಪ್‌ಟಾಪ್ ನಿಧಾನ

ಪರದೆಯಲ್ಲಿ ಮನೆಯನ್ನು 3ಡಿಯಲ್ಲಿ ತೋರಿಸುವ ಭಾಗ ಖಾಲಿಯಾದಾಗ ಮೊದಲು ‘ಏರಿಯಲ್ ವ್ಯೂ’ಗೆ, ಅಂದರೆ ಮೇಲಿನಿಂದ ನೋಡುವ ನೋಟಕ್ಕೆ ಬನ್ನಿ. ಮನೆಯೊಳಗೆ ನಡೆದಂತೆ ತೋರಿಸುವ ‘ವರ್ಚುವಲ್ ವಿಸಿಟ್’ನಲ್ಲಿ ಓಡಾಡುವಾಗ ಕಣ್ಣು ಗೋಡೆಯೊಳಗೆ ಸಿಕ್ಕಿಕೊಂಡಿರಬಹುದು. ಆಗಲೂ ಬರದಿದ್ದರೆ ಕಂಪ್ಯೂಟರಿನ ಚಿತ್ರ ತೋರಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ. ಹೊಸದು ಹಾಕಿದರೆ ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ನಿಧಾನಕ್ಕೆ ಕಾರಣ ಹೆಚ್ಚಾಗಿ ಸಾಮಾನುಗಳೇ. ಕೆತ್ತನೆಯ ಮಂಚ, ಎಲೆ ಎಲೆಯೂ ಕಾಣುವ ಹೂಕುಂಡ ಇವೆಲ್ಲ ಬಲು ಭಾರ. ಪಟ್ಟಿಯಲ್ಲಿ ‘ವಿಸಿಬಲ್’ ಟಿಕ್ ತೆಗೆದರೆ ತಾತ್ಕಾಲಿಕವಾಗಿ ಮರೆಯಾಗುತ್ತವೆ. ಒಂದೊಂದನ್ನೇ ಮರೆ ಮಾಡುತ್ತ ಹೋದರೆ ಯಾವುದು ಕಾಟ ಕೊಡುತ್ತಿದೆ ಎಂದು ತಿಳಿಯುತ್ತದೆ. ಈ 3ಡಿ ಮನೆಯ ಫೋಟೊವನ್ನು ಸಾಫ್ಟ್‌ವೇರ್‌ನಲ್ಲೇ ತೆಗೆಯುವಾಗ ನಾಲ್ಕು ಹಂತದ ಗುಣಮಟ್ಟ ಇದೆ. ಕಡಿಮೆಯದರಲ್ಲಿ ಕೋನ ನೋಡಿಕೊಂಡು, ಕೊನೆಗೆ ಮೇಲಿನದಕ್ಕೆ ಹೋಗಿ. ಮೇಲಿನ ಎರಡು ಹಂತದಲ್ಲಿ ರೂಮು ಕತ್ತಲಾಗಿ ಬಂದರೆ ಸೀಲಿಂಗ್ ಲೈಟ್ ಸೇರಿಸುವ ಟಿಕ್ ಹಾಕಿ, ಸಮಯ ರಾತ್ರಿಯದಿದೆಯೇ ನೋಡಿ. ಪೂರ್ವದ ಕಿಟಕಿಗೆ ಬೆಳಗಿನ ಬಿಸಿಲು ಸರಿಯಾಗಿ ಬೀಳಬೇಕೆಂದರೆ ಪ್ಲಾನ್ ಮೇಲಿನ ದಿಕ್ಸೂಚಿಯನ್ನು ಡಬಲ್ ಕ್ಲಿಕ್ ಮಾಡಿ, ಉತ್ತರ ದಿಕ್ಕನ್ನೂ ನಿಮ್ಮ ಊರನ್ನೂ ಕೊಡಬೇಕು.

ಎಂಜಿನಿಯರಿಗೆ ಕಳಿಸುವಾಗ ಈ ಸಾಫ್ಟ್‌ವೇರ್ ಸೇವ್ ಮಾಡುವ ಎಸ್‌ಎಚ್3ಡಿ ಫೈಲ್ ಒಂದೇ ಸಾಕು, ಅಡಿಯ ಚಿತ್ರ, ಸಾಮಾನು ಎಲ್ಲವೂ ಅದರೊಳಗೇ ಇರುತ್ತವೆ. ಅವರ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಅಲ್ಲಿರುವುದು ಹಳೆಯ ಆವೃತ್ತಿಯೇ ಎಂದು ಕೇಳಿ ನೋಡಿ.